ಹಳೇ ಗಾಯನ ಕೇಳಾಕ, ರಿಯಾಜಿಗೆ ಯಾವ ಹೆಡ್‌ಫೋನ್ ತಗೋಬೇಕು?

ಸಾಧನಕೇರಿ_ಮಳಿ:

ನಮಸ್ಕಾರ್ರೀ ಎಲ್ಲಾರಿಗೂ. ಇರೋದು ಧಾರವಾಡ. ಕೇಳೋದು ಮುಕ್ಕಾಲು ಪಾಲು ಹಿಂದೂಸ್ತಾನಿ ಗಾಯನ: ಮನ್ಸೂರರು, ಗಂಗೂಬಾಯಿ, ಭೀಮಸೇನ ಜೋಶಿ, ರಾಜಗುರು. ಭಾಳಷ್ಟು ಹಳೇ ರೇಡಿಯೋ ರೆಕಾರ್ಡಿಂಗ್, ಯೂಟ್ಯೂಬಿನ್ಯಾಗ ಯಾರೋ ಏರಿಸಿದ್ದು. ಮುಂಜಾನೆ ತಂಬೂರಿ ಆ್ಯಪ್ ಹಚ್ಚಿ ರಿಯಾಜು. ದಿನಾ ಚಿಗರಿ ಬಸ್ಸಿನ್ಯಾಗ ಹುಬ್ಬಳ್ಳಿಗೆ ಹೋಗಿ ಬರೋದು. ಫೋನಿಗೆ 3.5 ಎಂಎಂ ಜ್ಯಾಕ್ ಇಲ್ಲ. ಚಷ್ಮಾ ಅದ. ಬಜೆಟ್ 10,000.

ಅಂಗಡ್ಯಾಗ ಕೇಳಿದ್ರ ಹೈ-ರೆಸ್ ಚೀಟಿ ಹಚ್ಚಿದ್ದನ್ನ ಮುಂದ ಇಡ್ತಾರ. ಆ ಚೀಟಿಗೆ ಅರ್ಥ ಅದನೋ? ಆಂಪ್ ಬೇಕಾಗ್ತದೋ? ಬ್ಲೂಟೂತ್ ತಗೊಂಡ್ರ ಏನು ಕಳಕೋತೀವಿ?

ಖರ್ಜದ_ತಂತಿ:

ಚೀಟಿ ಬಿಡ್ರಿ. ಅದು ಹೇಳೋದು 40 ಕಿಲೋಹರ್ಟ್ಸ್ ತನಕ ಸದ್ದು ಹೊಂಡಸ್ತದ ಅಂತ. ಕಿವಿ 20ಕ್ಕ ನಿಲ್ತದ, ವಯಸ್ಸಾದಂಗ ಇನ್ನೂ ಕೆಳಗ ಇಳೀತದ. ಮೀಡಿಯಂ ವೇವ್ ರೇಡಿಯೋದಿಂದ ಹಿಡಿದ ಮುದ್ರಣ ಆದ್ರ 5 ಕಿಲೋಹರ್ಟ್ಸ್ ಮ್ಯಾಲೆ ಹಾಡು ಹೆಚ್ಚೇನೂ ಉಳಿದಿರೂದಿಲ್ಲ, ಬರೇ ಸುಯ್ ಅನ್ನೋ ಹಿಸ್. 78 ಆರ್‌ಪಿಎಂ ಗ್ರಾಮಫೋನ್ ತಟ್ಟಿಯಿಂದ ಇಳಿಸಿದ್ದಾದ್ರ ಮ್ಯಾಲಿನ ಭಾಗದಾಗ ಹಾಡಿಗಿಂತ ಚರಚರಾನ ಜಾಸ್ತಿ. ಅದಕ್ಕ ಟ್ರೆಬಲ್ ಎತ್ತಿದ ಹೆಡ್‌ಫೋನ್ ನಿಮಗ ಕೂಡೂದಿಲ್ಲ. ಬೇಯರ್‌ಡೈನಾಮಿಕ್ ಡಿಟಿ 990 ಅಂಥಾದ್ದು: 8 ಕಿಲೋಹರ್ಟ್ಸ್ ಸುತ್ತ ಉಬ್ಬು ಅದ, ಹೊಸಾ ರೆಕಾರ್ಡಿಂಗಿಗೆ ಝಗಮಗ, ಹಳೇ ಟೇಪಿಗೆ ಅರ್ಧಾ ತಾಸಿನ್ಯಾಗ ತಲಿ ಸಿಡೀತದ.

ನಿಮಗ ಬೇಕಾಗಿದ್ದು ನಡುವಿನ ಭಾಗ, ಅಂದ್ರ ಸುಮಾರು 200 ಹರ್ಟ್ಸ್‌ನಿಂದ 4 ಕಿಲೋಹರ್ಟ್ಸ್. ಗಾಯಕರ ದನಿಯ ಹೊಳಪು 3 ಕಿಲೋಹರ್ಟ್ಸ್ ಆಸುಪಾಸಿನ್ಯಾಗ ಕೂಡ್ತದ. ತಳಕ್ಕ ಎಷ್ಟು ಇಳೀಬೇಕು ಅಂತ ಕೇಳಿದ್ರ ತಂಬೂರಿ ಲೆಕ್ಕ ಹಾಕ್ರಿ. ಗಂಡಸರ ಷಡ್ಜ ಕಾಳಿ 1 (ಹಾರ್ಮೋನಿಯಂನ ಮೊದಲ ಕರೇ ಪಟ್ಟಿ) ಅಂದ್ರ 138.6 ಹರ್ಟ್ಸ್, ಅದರ ಖರ್ಜ (ತಳದ ಷಡ್ಜದ ತಂತಿ) 69. ಹೆಂಗಸರದು ಕಾಳಿ 4 ಹಿಡಿದ್ರ ಖರ್ಜ 104ರ ಹತ್ರ. 60 ಹರ್ಟ್ಸ್ ತನಕ ಸಮ ಇದ್ರ ಸಾಕು. 30 ಹರ್ಟ್ಸಿನ ಗುಡುಗಿಗೆ ರೊಕ್ಕ ಕೊಡಬ್ಯಾಡ್ರಿ.

ಅಂಗಡ್ಯಾಗ ಕೇಳಿ ನೋಡೋ ಅವಕಾಶ ಸಿಕ್ಕರ ಅವರ ಡೆಮೋ ಹಾಡು ಬಿಟ್ಟು ನಿಮ್ಮ ಖ್ಯಾಲ್ ಹಚ್ಚಸ್ರಿ. ಮೊದಲ ಡಗ್ಗಾ (ತಬಲಾ ಜೋಡಿಯ ಎಡಗೈ ವಾದ್ಯ) ಕೇಳ್ರಿ. ಮಣಿಕಟ್ಟು ಒತ್ತಿ ಜಾರಿಸಿದಾಗ "ಘೇ" ಕೆಳಗಿಂದ ಮ್ಯಾಲೆ ಸರಿಯೋದು ಸ್ವರ ಆಗಿ ಕೇಳಬೇಕು. 100 ಹರ್ಟ್ಸಿನ ಹತ್ರ ಉಬ್ಬು ಇದ್ರ ಎಲ್ಲಾ ಪೆಟ್ಟೂ ಒಂದ ನಮೂನಿ "ಧಮ್" ಆಗ್ತಾವ, ಜಾರೋದು ತಿಳಿಯಂಗಿಲ್ಲ. ಆಮ್ಯಾಲೆ ತಂಬೂರಿ: ಪಂಚಮದ ತಂತಿ, ಜೋಡಿ ತಂತಿ ಬ್ಯಾರೆ ಬ್ಯಾರೆ ಎಣಸಾಕ ಬರಬೇಕು, ಜವಾರಿ (ತಂತಿಯ ಝೇಂಕಾರ) ಗುಂಯ್ ಅಂತ ಕಡಿಯದಂಗ ಹರೀಬೇಕು. ಮೊನೊ (ಎರಡೂ ಕಿವಿಗೆ ಒಂದ ಸದ್ದಿನ) ಮುದ್ರಣದಾಗ ದನಿ ನಟ್ಟನಡುವ ನಿಲ್ಲಬೇಕು. ಒಂದ ಕಡೆ ವಾಲಿದ್ರ ಹೆಡ್‌ಫೋನ್ ಎಡ-ಬಲ ತಿರುಗಿಸಿ ಹಾಕ್ಕೋರಿ. ವಾಲೋದೂ ತಿರುಗಿದ್ರ ಹೆಡ್‌ಫೋನಿನ ದೋಷ, ಇಲ್ಲಾ ರೆಕಾರ್ಡಿಂಗಿನದು. ತಿರುಗಲಿಲ್ಲ ಅಂದ್ರ ಕಿವಿ.

ಎರಡು ಹೆಡ್‌ಫೋನ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಂಡ ಹೋಲಸ್ರಿ. 1 ಡೆಸಿಬಲ್ ಜಾಸ್ತಿ ಇದ್ದದ್ದು ಯಾವಾಗಲೂ "ಚಲೋ" ಅನಸ್ತದ. ಅಂಗಡಿಯವರ ಅರ್ಧ ಜಾದೂ ಇಷ್ಟ.

ಚಷ್ಮಾ ಇದ್ದವರು ಇದೊಂದು ಮಾಡ್ರಿ. ಕಪ್ ಕಿವಿ ಮ್ಯಾಲೆ ಇದ್ದಾಗ ಬೆರಳಿಲೆ ಮೆಲ್ಲಕ ಒತ್ತಿ ನೋಡ್ರಿ. ಬೇಸ್ ಏಕದಂ ಹೆಚ್ಚಿದ್ರ ಚಷ್ಮಾದ ಕಡ್ಡಿ ಸಂದಿ ಬಿಡಿಸೇದ, ಅಲ್ಲಿಂದ ಸೋರ್ತದ ಅಂತ ಅರ್ಥ. ಮುಚ್ಚಿದ ಹೆಡ್‌ಫೋನಿನ್ಯಾಗ ಈ ಸೋರಿಕೆ ಖರ್ಜಾನ ತಿಂದು ಹಾಕ್ತದ. ತೆಳ್ಳನ ಕಡ್ಡಿ, ಮೆತ್ತನ ಪ್ಯಾಡು, ಇಲ್ಲಾ ಓಪನ್ ಬ್ಯಾಕ್ (ಕಪ್ಪಿನ ಹಿಂಬದಿ ತೆರೆದಿರೋದು), ಇಷ್ಟ ದಾರಿ.

ಮನಿಗೆ ಮೊದಲ ಆಯ್ಕೆ ಸೆನ್‌ಹೈಸರ್ ಎಚ್‌ಡಿ 560ಎಸ್. ಓಪನ್ ಬ್ಯಾಕ್, ಬಜೆಟ್ ಮೀರಬಹುದು. ಮುಚ್ಚಿದ್ದ ಬೇಕಂದ್ರ ಆಡಿಯೋ-ಟೆಕ್ನಿಕಾ ಎಂ40ಎಕ್ಸ್. ಅದರ ರೆಕ್ಸಿನ್ ಪ್ಯಾಡು ಏಪ್ರಿಲ್-ಮೇದಾಗ ಬೆವರು ಇಳಿಸ್ತದ, ಕಾಲ ಹೋದಂಗ ಸಿಪ್ಪಿ ಏಳ್ತದ. ಪ್ಯಾಡ್ ಬದಲಿಸುವಾಗ ದಪ್ಪ, ಆಳ ಮೊದಲಿನಷ್ಟ ಇರಲಿ. ಪ್ಯಾಡ್ ಬದಲಾದ್ರ ಸದ್ದೂ ಬದಲಾಗ್ತದ.

ಉಣಕಲ್_ತೆರೆ:

ಆಂಪ್ ಪ್ರಶ್ನೆಗೆ ಉತ್ತರ. ಫೋನಿಗೆ ವೈರಿನ ಹೆಡ್‌ಫೋನ್ ಜೋಡಿಸುವ ಸಾಮಾನ್ಯ ಯುಎಸ್‌ಬಿ-ಸಿ ಡಾಂಗಲ್ ಹೆಚ್ಚೆಂದರೆ ಸುಮಾರು 1 ವೋಲ್ಟ್ ಕೊಡುತ್ತದೆ ಎಂದುಕೊಳ್ಳಿ. ವೋಲ್ಟೇಜಿನ ವರ್ಗವನ್ನು ಹೆಡ್‌ಫೋನಿನ ಓಮ್‌ನಿಂದ (ವಿದ್ಯುತ್ ಪ್ರತಿರೋಧದಿಂದ) ಭಾಗಿಸಿದರೆ ಪವರ್. 32 ಓಮ್‌ಗೆ 31 ಮಿಲಿವ್ಯಾಟ್, 250 ಓಮ್‌ಗೆ ಬರೀ 4. ಬೇಯರ್‌ಡೈನಾಮಿಕ್‌ನ ಇನ್ನೊಂದು ಹೆಡ್‌ಫೋನ್ ಡಿಟಿ 770 ಪ್ರೋ 32, 80, 250 ಓಮ್ ಮೂರರಲ್ಲೂ ಬಂದಿದೆ. 1 ಮಿಲಿವ್ಯಾಟ್‌ಗೆ 96 ಡೆಸಿಬಲ್. 250ರದ್ದಕ್ಕೆ 4 ಮಿಲಿವ್ಯಾಟ್ ಕೊಟ್ಟರೆ ಗರಿಷ್ಠ 102. ಕೇಳಲು ಧಾರಾಳ ಅನಿಸುತ್ತದೆ, ಆದರೆ ಆಲಾಪ ತಾರಸಪ್ತಕದ ತಾನಿಗಿಂತ 20 ಡೆಸಿಬಲ್ ಕೆಳಗಿರುತ್ತದೆ, ಮೆಲುವಾಗಿ ಏರಿಸಿದ ಯೂಟ್ಯೂಬ್ ಕಡತ ಇನ್ನೂ 10 ಕೆಳಗೆ. ಉಳಿಯುವುದು 72. ಫ್ಯಾನ್ ತಿರುಗುತ್ತಿದ್ದರೆ ಮಂದ್ರ ಮುಳುಗಬಹುದು. ಆಂಪ್ ಖರ್ಚು ತಪ್ಪಬೇಕಾದರೆ 32 ಅಥವಾ 80 ಓಮ್‌ನದ್ದನ್ನೇ ಆರಿಸಿ. 120 ಓಮ್‌ನ 560ಎಸ್ ಸೂಕ್ಷ್ಮವಾಗಿರುವುದರಿಂದ ಡಾಂಗಲ್‌ನಲ್ಲೇ ನಡೆಯುತ್ತದೆ.

ಡಾಂಗಲ್ ಕೊಳ್ಳುವಾಗ ಒಳಗೆ ಡ್ಯಾಕ್ (ಡಿಜಿಟಲ್ ಸದ್ದನ್ನು ಅನಲಾಗ್ ಮಾಡುವ) ಚಿಪ್ ಇದೆಯೇ ಕೇಳಿ. ಬರೀ ತಂತಿ ಜೋಡಿಸಿದ ಅಡಾಪ್ಟರ್‌ಗಳೂ ಸಿಗುತ್ತವೆ, ಅವು ಅನಲಾಗ್ ಸದ್ದನ್ನು ಯುಎಸ್‌ಬಿ ಮೂಲಕ ಹೊರಬಿಡುವ ಫೋನ್‌ಗಳಲ್ಲಿ ಮಾತ್ರ ಕೆಲಸ ಮಾಡುತ್ತವೆ. ಆಪಲ್ ಡಾಂಗಲ್ ಲ್ಯಾಪ್‌ಟಾಪಿಗೆ ಚೆನ್ನ, ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಸದ್ದು ತೀರಾ ಕಡಿಮೆ ಬರುತ್ತದೆ.

ಬ್ಲೂಟೂತ್‌ನಲ್ಲಿ ಕಳೆದುಕೊಳ್ಳುವುದು ನೀವು ಹೆದರಿದಷ್ಟಿಲ್ಲ. ಎಸ್‌ಬಿಸಿ (ಬ್ಲೂಟೂತ್ ಸದ್ದನ್ನು ಕುಗ್ಗಿಸಿ ಕಳಿಸುವ ಸಾಮಾನ್ಯ ವಿಧಾನ) ಕೂಡ ಸುಮಾರು 328 ಕೆಬಿಪಿಎಸ್ ಒಯ್ಯುತ್ತದೆ, ಮೂಲ ಕಡತವೇ ಅದಕ್ಕಿಂತ ಸಣ್ಣದು. ನಿಜವಾದ ತೊಡಕು ಮೈಕ್. ಬ್ಲೂಟೂತ್ ಹೆಡ್‌ಫೋನಿನದೇ ಮೈಕ್ ಬಳಸಿ ರಿಯಾಜು ರೆಕಾರ್ಡ್ ಮಾಡಲು ಹೋದರೆ ಅದು ಕರೆ ಮಾಡುವ ಮೋಡಿಗೆ ಜಾರುತ್ತದೆ. ಸದ್ದು ಮೊನೊ ಆಗಿ, ಸ್ಯಾಂಪಲ್ ದರ 8 ಅಥವಾ 16 ಕಿಲೋಹರ್ಟ್ಸ್‌ಗೆ ಇಳಿದು ತಂಬೂರಿ ಟೆಲಿಫೋನಿನಲ್ಲಿ ಕೇಳಿದಂತಾಗುತ್ತದೆ. ಸೆಟ್ಟಿಂಗ್‌ನಲ್ಲಿ ಇನ್‌ಪುಟ್ ಆಗಿ ಫೋನಿನ ಅಥವಾ ಲ್ಯಾಪ್‌ಟಾಪಿನ ಸ್ವಂತ ಮೈಕ್ ಆರಿಸಿದರೆ ಸರಿಹೋಗುತ್ತದೆ. ಇನ್ನು ತಡ. ತಬಲಾ ಆ್ಯಪ್ ಹಚ್ಚಿ ಬರೀ ಹಾಡುವುದಕ್ಕೆ ಅದರಿಂದ ಏನೂ ಬಾಧೆಯಿಲ್ಲ, ಕೇಳಿದ ಠೇಕಾಕ್ಕೇ ತಾನೇ ಹಾಡುವುದು. ರೆಕಾರ್ಡ್ ಮಾಡಿ ಠೇಕಾದ ಮೇಲೆ ಕೂಡಿಸಿದಾಗ ಮಾತ್ರ ನಿಮ್ಮ ದನಿ 150-200 ಮಿಲಿಸೆಕೆಂಡ್ ಹಿಂದೆ ಬಿದ್ದು ಸಮ್ (ತಾಳದ ಮೊದಲ ಮಾತ್ರೆ) ತಪ್ಪಿದಂತೆ ಕೇಳುತ್ತದೆ.

ಸಾಧನಕೇರಿ_ಮಳಿ:

ಇಬ್ಬರಿಗೂ ಧನ್ಯವಾದ್ರೀ. ನಡುವ ಒಂದು ಬ್ಯಾರೆ ಪ್ರಶ್ನೆ. ಈಗಿನ ವೈರಿನ ಇಯರ್‌ಫೋನಿನ್ಯಾಗ ಹೊಸಾ ರೆಕಾರ್ಡಿಂಗ್ ಹಚ್ಚಿದ್ರ ಹಾಡೋರ ದನಿ ಎಲ್ಲೋ ಬಾವ್ಯಾಗಿಂದ ಬಂದಂಗ, ಬರೇ ಗುಂಜು. ಹಳೇ ಮೊನೊ ಹಚ್ಚಿದ್ರ ಸದ್ದ ಇಲ್ಲ! ಆ್ಯಪ್ ಕೆಟ್ಟದೋ, ಇಯರ್‌ಫೋನೋ?

ಬೆಟಗೇರಿ_ಬೆಸುಗೆ:

ಗ್ರೌಂಡ್ ತಂತಿ ಕಡದೈತಿ. ಗ್ರೌಂಡ್ ಹೋದ್ರ ಎಡದ ಮತ್ತ ಬಲದ ಡ್ರೈವರ್ ಸರಣಿಯೊಳಗ ಕೂಡತಾವ, ಎರಡರ ನಡುವಿನ ವ್ಯತ್ಯಾಸ ಅಷ್ಟ ಕೇಳತೈತಿ. ಹಾಡೋರ ದನಿ ಎರಡೂ ಕಡೆ ಒಂದ ಇರತೈತಿ, ಕಳದು ಹೋಗತೈತಿ. ಮೊನೊ ಅಂದ್ರ ಪೂರ್ತಿ ಒಂದ, ಹಂಗಾಗಿ ಪೂರ್ತಿ ಸೊನ್ನೆ. ಬಿಚ್ಚೂಕಿಂತ ಮೊದಲ ಪ್ಲಗ್ ಪೂರ್ತಿ ಒಳಗ ಕುಂತೈತೇನು ನೋಡ್ರಿ, ಅರ್ಧ ಕುಂತ್ರೂ ಹಿಂಗ ಆಗತೈತಿ.

ಮಲ್ಟಿಮೀಟರ್ ಹಿಡಿದು ನೋಡ್ರಿ. ಮೈಕ್ ಇಲ್ಲದ ಪ್ಲಗ್‌ನ್ಯಾಗ ತುದಿ ಎಡ, ನಡುವಿನ ಬಳಿ ಬಲ, ಬುಡ ಗ್ರೌಂಡ್. ಮೈಕ್ ಇದ್ದದ್ದಾದ್ರ ನಾಕು ಭಾಗ ಇರತಾವ, ಈಗಿನವುಗಳೊಳಗ ತುದಿಯಿಂದ ಮೂರನೇದು ಗ್ರೌಂಡ್. 16 ಓಮ್‌ನ ಇಯರ್‌ಫೋನ್ ಅನ್ನೂಣು. ತುದಿಯಿಂದ ಗ್ರೌಂಡಿಗೆ ಸುಮಾರು 16 ತೋರಸಬೇಕು. ಅಲ್ಲಿ ಏನೂ ತೋರಿಸದ, ತುದಿಯಿಂದ ಬಲದ ಬಳಿಗೆ 32 ತೋರಿಸಿದ್ರ ಗ್ರೌಂಡ ಕಡದದ್ದು, ಸಂಶೇ ಬ್ಯಾಡ. ನೂರಕ್ಕ ತೊಂಬತ್ತು ಸಲ ಪ್ಲಗ್ ಬುಡದಾಗ ಬಗ್ಗಿ ಬಗ್ಗಿ ಕಡೀತೈತಿ.

ಪ್ಲಗ್ಗಿನಿಂದ 3 ಸೆಂಟಿಮೀಟರ್ ಬಿಟ್ಟು ಕತ್ತರಸ್ರಿ. ಹೊಸಾ ಪ್ಲಗ್ಗಿನ ಟೊಪ್ಪಿಗಿ ಮತ್ತ ಹೀಟ್-ಶ್ರಿಂಕ್ ಕೊಳವಿ ಮೊದಲ ವೈರಿಗೆ ಏರಿಸಿ ಇಟ್ಟಕೋರಿ, ಬೆಸುಗಿ ಆದ ಮ್ಯಾಲೆ ಅವು ಹೋಗಂಗಿಲ್ಲ. ಒಳಗಿನ ಎಳಿಗೆ ಬಣ್ಣದ ವಾರ್ನಿಶ್ ಇರತೈತಿ. ಸಾಮಾನ್ಯ ಕೆಂಪು ಬಲ, ಹಸಿರು ಇಲ್ಲಾ ನೀಲಿ ಎಡ, ತಾಮ್ರದ ಬಣ್ಣದ್ದು ಗ್ರೌಂಡ್, ಆದ್ರೂ ಮೀಟರ್ ಹಿಡಿದ ಖಾತ್ರಿ ಮಾಡ್ಕೋರಿ. ಆ ವಾರ್ನಿಶ್ ಸುಡದ ಬೆಸದ್ರ ಸೀಸ ಮೇಲಿಂದ ಹತ್ತಿದಂಗ ಕಾಣತೈತಿ, ಕರೆಂಟ್ ಹರಿಯಂಗಿಲ್ಲ. 25 ವ್ಯಾಟಿನ ಐರನ್ ತುದಿಗೆ ಒಂದು ಹನಿ ಸೀಸ ಹಿಡಿದು, ಎಳಿ ತುದಿ ಅದರಾಗ ಎರಡು-ಮೂರು ಸೆಕೆಂಡ್ ಮುಳುಗಸ್ರಿ. ಹೊಗಿ ಬಂದು ಬೆಳ್ಳಗಾದ್ರ ಆತು. ಚಾಕೂಲೆ ಕೆರೀಬ್ಯಾಡ್ರಿ, ಎಳಿ ಕೂದಲಕ್ಕಿಂತ ಸಣ್ಣ ಇರತಾವ, ತುಂಡಾಗತಾವ.

ಯಾಲಕ್ಕಿ_ಹಾರ:

ಮೊದಲಿನವರು ಮನಿಗೆ ಹೇಳಿದ್ದಕ್ಕ ಒಪ್ಪಿಗಿ, ಆದ್ರ ಬಸ್ಸಿನ ಮಾತು ಯಾರೂ ಎತ್ತಲಿಲ್ಲ. ಓಪನ್ ಬ್ಯಾಕ್ ಚಿಗರಿಯೊಳಗ ನಡಿಯೂದಿಲ್ಲ: ಎಂಜಿನ್ ಸದ್ದು ಒಳಗ, ನಿಮ್ಮ ಮಾರವಾ ರಾಗ ಬಾಜೂದವರ ಕಿವಿಗೆ. ಒಂದರಾಗ ಎರಡೂ ಕೆಲಸ ಮುಗಿಸೂ ಆಸೆ ಬಿಡ್ರಿ. ಬಸ್ಸಿಗೆ ಮೂನ್‌ಡ್ರಾಪ್ ಚು 2ದಂಥ ಅಗ್ಗದ ವೈರಿನ ಇಯರ್‌ಫೋನ್ ಸಾಕು. ಮೂರು ಅಳತಿ ರಬ್ಬರ್ ತುದಿ ಬಂದಿರ್ತಾವ, ಮೂರೂ ಹಾಕಿ ನೋಡ್ರಿ. ಎಡಗಿವಿಗೆ ಒಂದು, ಬಲಕ್ಕ ಬ್ಯಾರೆ ಅಳತಿ ಬಂದ್ರೂ ಸಹಜ. ಬಿಗಿಯಾಗಿ ಕೂತಾಗ ಹೊರಗಿನ ಮಾತು ಮಂದ ಆಗಿ ಡಗ್ಗಾ ತುಂಬಿ ಬರಬೇಕು. ತಿಂಗಳೊಪ್ಪತ್ತಿನ್ಯಾಗ ಒಂದ ಕಡೆ ಸದ್ದು ಇಳಿದ್ರ ಜಾಳಿಗಿಗೆ ಕಿವಿ ಗುಗ್ಗಿ ಕಟ್ಟಿರ್ತದ. ಜಾಳಿಗಿ ಕೆಳಮಖ ಹಿಡಿದು ಒಣ ಬ್ರಶ್ಶಿಲೆ ಉಜ್ಜರಿ, ಪಿನ್ ಚುಚ್ಚಬ್ಯಾಡ್ರಿ.

ರಿಯಾಜಿಗೆ ಮಾತ್ರ ಇಯರ್‌ಫೋನ್ ಬ್ಯಾಡ. ಕಿವಿ ಮುಚ್ಚಿದಾಗ ಎಲುಬಿನ ಮೂಲಕ ಬರೂ ನಿಮ್ಮ ದನಿ ಒಳಗ ಗುಂಯ್‌ಗುಡ್ತದ, ಶ್ರುತಿ ಕೂಡಿದಂಗ ಮೋಸ ಆಗ್ತದ. ಓಪನ್ ಬ್ಯಾಕ್, ಇಲ್ಲಾ ಮುಚ್ಚಿದ್ದರ ಒಂದು ಕಪ್ ಕಿವಿ ಹಿಂದ ಸರಿಸಿ ಹಾಡ್ರಿ.

ಇನ್ನೊಂದು, ರೊಕ್ಕ ಇಲ್ಲದ ಉಪಾಯ: ಹಳೇ ಮುದ್ರಣ ಕೇಳುವಾಗ ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನ್ಯಾಗ ಮೊನೊ ಆಡಿಯೋ ಚಾಲೂ ಮಾಡ್ರಿ. ಮೊನೊ ತಟ್ಟೀನ ಸ್ಟೀರಿಯೋ ಮುಳ್ಳಿಲೆ ಇಳಿಸಿದ್ದಾದ್ರ ಎರಡೂ ಕಡೆ ಹಾಡು ಒಂದ, ಚರಚರಾ ಬ್ಯಾರೆ ಬ್ಯಾರೆ. ಕೂಡಿಸಿದಾಗ ಚರಚರಾ ತಗ್ಗತದ. ಆಂಡ್ರಾಯ್ಡಿಗೆ ವೇವ್ಲೆಟ್ ಆ್ಯಪ್ ಹಾಕ್ಕೊಂಡು 6 ಕಿಲೋಹರ್ಟ್ಸ್ ಮ್ಯಾಲೆ 4-5 ಡೆಸಿಬಲ್ ಇಳಸ್ರಿ. ಬೇಸ್ ಎತ್ತೂದಿದ್ರ ಎಷ್ಟು ಎತ್ತತೀರಿ ಅಷ್ಟು ಒಟ್ಟು ಮಟ್ಟ ಇಳಸ್ರಿ, ಇಲ್ಲಾಂದ್ರ ಜೋರು ತಾನಿನ್ಯಾಗ ದನಿ ಒಡೀತದ.

ಸಾಧನಕೇರಿ_ಮಳಿ:

ಹಂಗಾರ ಬಸ್ಸಿಗೆ ಇಯರ್‌ಫೋನ್, ಉಳಿದ ರೊಕ್ಕದಾಗ ಮನಿಗೆ ಡಿಟಿ 770 80 ಓಮ್ ನೋಡ್ತೀನಿ. ವೆಲ್ವೆಟ್ ಪ್ಯಾಡ್ ಅಂತ ಕೇಳೀನಿ. ಬೆವರಿಗೆ ತಡೀತದೋ?

ಖರ್ಜದ_ತಂತಿ:

ತಡೀತದ. ಪ್ಯಾಡ್ ಕಳಚಿ ಉಗುರು ಬೆಚ್ಚನ ನೀರಿನ್ಯಾಗ ತೊಳೀಲಿಕ್ಕೂ ಬರ್ತದ, ನೆಳ್ಳಾಗ ಪೂರ್ತಿ ಒಣಗಿಸಿ ಹಾಕ್ರಿ. ಆದ್ರ ಡಿಟಿ 770ಕ್ಕೂ ಟ್ರೆಬಲ್ ಉಬ್ಬು ಅದ. ಹಳೇ ಟೇಪಿಗೆ ಯಾಲಕ್ಕಿಯವರು ಹೇಳಿದ 4-5 ಡೆಸಿಬಲ್ ಇಳಿಸೋದನ್ನ ಮರೀಬ್ಯಾಡ್ರಿ.