ಪುಟ್ಟಿ ಕೇಳಿದ್ದಕ್ಕೆ: ಸ್ಟೆಂಟ್ ಹಾಕಿದ್ರೂ ರಕ್ತ ಯಾಕೆ ಸರಿಯಾಗಿ ಹರೀತಿಲ್ಲ

ಪುಟ್ಟಿ, ನಿನ್ನ ಮೆಸೇಜ್ ನೋಡ್ದೆ. ನಿಮ್ಮಪ್ಪಂಗೆ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ (ನಾಳ ತೆರೆದಿಡೋ ಜಾಲರಿ ಕೊಳವೆ) ಹಾಕಿ ಆದ್ಮೇಲೂ ಡಾಕ್ಟ್ರು "ಹರಿವು ಪೂರ್ತಿ ಬಂದಿಲ್ಲ" ಅಂದ್ರಂತೆ. ನಾಲೆ ಗೇಟು ಎತ್ತಿದ ಮಾತ್ರಕ್ಕೆ ಗದ್ದೆಗೆ ನೀರು ಬಂದುಬಿಡುತ್ತೇನೆ? ತೂಬಿಗೆ ಹೂಳು ಕಟ್ಟಿದ್ರೆ? ಇದೂ ಹಾಗೇ. ಸ್ಟೆಂಟ್ ಕೂರೋದು ಸುಮಾರು 3 ಮಿಲಿಮೀಟರ್ ಅಗಲದ ದೊಡ್ಡ ನಾಳದಲ್ಲಿ. ಬ್ಲಾಕ್ ಬಿಡಿಸೋಕೆ ನಾಳದೊಳಗೆ ಬಲೂನ್ ಊದಿದಾಗ ರಕ್ತದ ಹೆಪ್ಪಿನ ಚೂರು ಕೆಳಗಿನ ಸಣ್ಣ ನಾಳಗಳಿಗೆ ಇಳಿಯುತ್ತೆ, ಅಷ್ಟೊತ್ತಿಗೆ ಅವೂ ಬಾತು ಬಿಗಿದಿರುತ್ತೆ. ಅದಕ್ಕೇ ಕ್ಯಾತಿಟರ್ (ನಾಳದೊಳಗೆ ತೂರಿಸೋ ಸಣ್ಣ ಟ್ಯೂಬು) ಒಳಗಿಂದಲೇ ನಾಳ ಸಡಿಲಿಸೋ ಔಷಧಿ, ಅಡೆನೊಸಿನ್, ಇಲ್ಲಾ ನೈಟ್ರೋಪ್ರಸೈಡ್, ಮೈಕ್ರೊಗ್ರಾಂ ಲೆಕ್ಕದಲ್ಲಿ ಬಿಡೋದು.

ತಡ ಆದಷ್ಟೂ ಹೂಳು ಜಾಸ್ತಿ. ನಮ್ಮ ಭಾವನ ವಿಷಯ ಎಲ್ಲರಿಗೂ ಗೊತ್ತಲ್ಲ. ಬೆಳಗಿನ ಜಾವ ಐದಕ್ಕೆ ಎದೆ ನೋವು, ಸೋಡಾ ಕುಡಿದು ಮಧ್ಯಾಹ್ನ ಎರಡರವರೆಗೆ ಕೂತ್ರು. ತಾಲ್ಲೂಕು ಆಸ್ಪತ್ರೇಲಿ ಕೇಳಿದ್ರೆ ಬೈಸ್ಕೋಬೇಕಾಗುತ್ತೆ ಅಂತ "ಈಗ ಒಂದು ಗಂಟೆಯಿಂದ" ಅಂದ್ರು! ಅವರು ನಂಬಿ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಕೊಟ್ರು. ಅದು ಚೆನ್ನಾಗಿ ಕೆಲಸ ಮಾಡೋದು ಮೊದಲ 3 ಗಂಟೇಲಿ, 12 ಗಂಟೆ ದಾಟಿದ್ರೆ ಸಾಮಾನ್ಯವಾಗಿ ಕೊಡೋದೇ ಇಲ್ಲ. ಒಂಬತ್ತು ಗಂಟೆ ಹಳೇ ಹೆಪ್ಪು ಕರಗ್ಲಿಲ್ಲ. ನಿಜ ಹೇಳಿದ್ರೆ ಬಲೂನ್, ಸ್ಟೆಂಟ್ ಹಾಕಿ ನಾಳ ತೆರೆಯೋ ಆಂಜಿಯೋಪ್ಲ್ಯಾಸ್ಟಿಗೇ ನೇರ ಕಳಿಸ್ತಿದ್ರೇನೋ. ನೋವು ಶುರುವಾದ ಹೊತ್ತು ಸುಳ್ಳು ಹೇಳ್ಬೇಡಿ. ಮತ್ತೆ ಹೇಳ್ತೀನಿ, ಹೊತ್ತು ಸುಳ್ಳು ಹೇಳ್ಬೇಡಿ, ಕ್ಯಾಲೆಂಡರ್ ಮೇಲೇ ಬರೆದಿಡಿ.

ಕುಕ್ಕರ್ ಕೂಗ್ತಿದೆ, ಇರಿ... ಹಾಂ. ಅವತ್ತು ನಂಗೆ ಒಂದು ಫೋನ್ ಮಾಡಿದ್ರಾ ಯಾರಾದ್ರೂ? ಈ ಸ್ಟೆಂಟ್ ಹಾಕೋ ಕ್ಯಾತ್‌ಲ್ಯಾಬ್ ನರ್ಸಾಗಿ ರಿಟೈರ್ ಆದೋಳು ಮನೇಲೇ ಇದೀನಿ. ಲಾಡು ಎಷ್ಟು ಕೆಜಿ ಬೇಕು ಅಂತ ಕೇಳೋಕೆ ಮಾತ್ರ ಮೂರು ಸಲ ಫೋನ್ ಬರುತ್ತೆ. ಬೆಳ್ಳುಳ್ಳಿ ನೀರಿಂದ ಬ್ಲಾಕ್ ಕರಗುತ್ತೆ ಅಂತ ಫಾರ್ವರ್ಡ್ ಹಾಕಿದೋರು ಈ ಗ್ರೂಪಲ್ಲೇ ಇದಾರೆ, ಹೆಸರು ಹೇಳಲ್ಲ.

ಅಯ್ಯೋ, ಮುಖ್ಯವಾದ್ದೇ ಮರೆತೆ ಪುಟ್ಟಿ. ಚೀಟೀಲಿ ಹೆಪ್ಪು ಕಟ್ಟದ ಹಾಗೆ ಕೊಡೋ ಮಾತ್ರೆ ಟಿಕಾಗ್ರೆಲಾರ್ 90 ಮಿಲಿಗ್ರಾಂ ಬರೆದಿದ್ರೆ ಬೆಳಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ಜೊತೆಗೆ ಆಸ್ಪಿರಿನ್ 75 ಮಿಲಿಗ್ರಾಂ ದಿನಕ್ಕೊಂದು. ಒಂದು ಹೊತ್ತು ಮರೆತ್ರೆ ಮುಂದಿನದರ ಜೊತೆ ಎರಡು ನುಂಗಿಸ್ಬೇಡ. ಟಿಕಾಗ್ರೆಲಾರಿಂದ ಒಬ್ಬೊಬ್ರಿಗೆ ಉಸಿರು ಕಟ್ಟಿದ ಹಾಗಾಗುತ್ತೆ. ಹಾಗಂತ ನೀವೇ ನಿಲ್ಲಿಸಿದ್ರೆ ಸ್ಟೆಂಟ್ ಒಳಗೇ ಹೆಪ್ಪು ಕಟ್ಟಬಹುದು. ತಕ್ಷಣ ಡಾಕ್ಟ್ರಿಗೆ ಹೇಳಿ, ಬೇಕಾದ್ರೆ ಅವರೇ ಬದಲಾಯಿಸ್ತಾರೆ. ನಾಳೆ ರೌಂಡ್ಸಿಗೆ ಬಂದಾಗ ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯದ ಪಂಪಿಂಗ್ ಎಷ್ಟಿದೆ, ನಾಳ ಕಾಣೋಕೆ ಡೈ ಹಾಕಿದ್ದಕ್ಕೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸೋ ರಕ್ತ ಪರೀಕ್ಷೆ) ಏರಿದ್ಯಾ, ಎರಡೂ ಕೇಳು. ಕೇಳಿ ನಂಗೆ ಫೋನ್ ಮಾಡು, ಗ್ರೂಪಲ್ಲಿ ಹಾಕ್ಬೇಡ.