ಸಹಾಯ ಬೇಕು: ಗಾಳಿಗೆ ಮನಿ ಪತ್ರಾಸ್ (ಚಾವಣಿ ತಗಡು) ಹಾರಿ ಹೋಗ್ಯಾವ (ವಿಜಯಪುರ)

ನಮಸ್ಕಾರ್ರಿ ಎಲ್ಲಾರಿಗೂ. ಗೋಳಗುಮ್ಮಟದ ಹಿಂದಿನ ಓಣಿಯೊಳಗ ಇರೋರು ನಾವು. ನಿನ್ನೆ ಸಂಜೀ ಗಾಳಿಗೆ ಮನಿ ಮ್ಯಾಲಿನ ಹನ್ನೊಂದು ಪತ್ರಾಸ್‌ನಾಗ ಏಳು ಹಾರಿ ಹೋದ್ವು. ಮೊದಲ ಬರೇ ಧೂಳ ಎದ್ದಿತ್ತು. ಅವ್ವ "ಒಣಾಕಿದ ಅರಬಿ ತಗೀರಿ" ಅನ್ನೂದರೊಳಗ ಪತ್ರಾಸ್ ಪಟಪಟ ಬಡಿಯಾಕ ಹತ್ತಿದ್ವು. ಹುಕ್ ಹಾಕಿಸಿರಲಿಲ್ರಿ, ಕಲ್ಲ ಹೇರಿ ಬಿಟ್ಟಿದ್ವಿ. ಅದರಾಗ ಒಂದು ಕಲ್ಲ ತೊಟ್ಟಿಲದ ಬಾಜೂಕ ಬಿತ್ತು. ಕೂಸಿಗೆ ಏನೂ ಆಗಿಲ್ಲ, ಆದ್ರ ನನ್ನ ಕೈ ಇನ್ನೂ ನಡಗಾಕತ್ತಾವು. ಎದುರುಮನಿ ಕಾಕಾ ಓಡಿ ಬಂದು ಎಲ್ಲಾರನ್ನೂ ಅವರ ಮನಿಗೆ ಕರಕೊಂಡು ಹೋದ್ರು. ರಾತ್ರಿ ಅಲ್ಲೇ ಕಳದ್ವಿ.

ಮಳಿಗೆ ಜ್ವಾಳದ ಎರಡು ಚೀಲ, ಹಾಸಿಗಿ, ಮಗಳ ಪುಸ್ತಕ ತೋಯ್ದಾವು. ಬೇವಿನ ಟೊಂಗಿ ಕರೆಂಟ್ ತಂತಿ ಮ್ಯಾಲೆ ಬಿದ್ದಿತ್ತು, ಕರೆಂಟಿನವರ ಸಹಾಯವಾಣಿ 1912ಕ್ಕ ಫೋನ್ ಹಚ್ಚಿದ ಮ್ಯಾಲೆ ಲೈನ್ ಬಂದ್ ಮಾಡ್ಯಾರ. ನೀವೂ ಹರಿದ ತಂತಿ ಸನೇಕ ಹೋಗಬ್ಯಾಡ್ರಿ.

ಈಗ ಬೇಕಾಗಿರೂದು: ದೊಡ್ಡ ತಾಡಪತ್ರಿ ಒಂದ್ ವಾರಕ್ಕ ಯಾರರೆ ಕೊಡ್ತೀರಾ? ಇವತ್ತೂ ಮೋಡ ಆಗೈತಿ. ಪತ್ರಾಸ್‌ಗೆ ಜೆ-ಹುಕ್ ಹಾಕಿ ಕಬ್ಬಿಣದ ಪೈಪಿಗೆ ಬಿಗಿಯೋ ಕೆಲಸದವರು ಗೊತ್ತಿದ್ರ ಹೇಳ್ರಿ, ಕೂಲಿ ಕೊಡ್ತೀವಿ.

ಇನ್ನೊಂದು ಮಾತು. ಶೇ. 15ರಷ್ಟರೆ ಹಾನಿ ಆದ್ರ ಸರಕಾರದ 2022-26ರ ವಿಪತ್ತು ಪರಿಹಾರ ನಿಯಮದಾಗ ಕಚ್ಚಾ ಮನಿಗೆ 4,000, ಪಕ್ಕಾ ಮನಿಗೆ 6,500 ರೂಪಾಯಿ ಐತಿ. ಪಂಚನಾಮೆ ಮಾಡಿಸಿದವರು ಯಾವ ಕಾಗದ ಕೊಟ್ಟಿದ್ರಿ? ಫೋಟೋ ತಗದಿಟ್ಟೀನಿ. ಗ್ರಾಮ ಆಡಳಿತಾಧಿಕಾರಿ ಬರೋತನಕ ಬಿದ್ದ ಪತ್ರಾಸ್ ಎತ್ತಬಾರದೇನ್ರಿ? ಅಂಗಳದಾಗ ಹುಡುಗೂರು ಓಡಾಡ್ತಾವ, ಅಂಚು ಭಾಳ ಹರಿತ ಅದಾವು.