ಮ್ಯಾರಿಸ್ ಕಾಲೇಜಿನ ಫೋಟೋ ಮತ್ತು ನಮ್ಮ ಮನೆ ಗುಂಪು

ಹುಬ್ಬಳ್ಳಿ ಮಾಮ: (ಹಳೇ ಕಟ್ಟಡದ ಫೋಟೋ, ಫಾರ್ವರ್ಡ್) "ಲಖನೌದ ಮ್ಯಾರಿಸ್ ಸಂಗೀತ ಕಾಲೇಜು. 1926ರಲ್ಲಿ ಬ್ರಿಟಿಷರು ನಮ್ಮ ಸಂಗೀತಕ್ಕೆ ಕೊಟ್ಟ ಕಾಣಿಕೆ."

ಹುಬ್ಬಳ್ಳಿ ಮಾಮ: ಅವರು ದೋಚಿದ್ದನ್ನು ದಿನಾ ಹೇಳುತ್ತೇವೆ. ಇದನ್ನೂ ಹೇಳಬೇಕಲ್ವಾ?

ಪುಣೆ ತಮ್ಮ: ಕಾಣಿಕೆನಾ ಮಾಮ? ಅದೇ ಲಖನೌದಲ್ಲಿ ಹಾಡು, ಕುಣಿತ ಎಲ್ಲಕ್ಕೂ ಆಸರೆಯಾಗಿದ್ದ ಅವಧದ ನವಾಬ ವಾಜಿದ್ ಅಲಿ ಶಾನನ್ನು 1856ರಲ್ಲಿ ಗದ್ದುಗೆಯಿಂದ ಇಳಿಸಿದವರು ಯಾರು? ಎಪ್ಪತ್ತು ವರ್ಷ ಆದಮೇಲೆ ಅವರದೇ ಗವರ್ನರ್ ಮ್ಯಾರಿಸ್ ಬಂದು ಸಂಗೀತ ಕಾಲೇಜು ಉದ್ಘಾಟಿಸಿದರೆ ನಾವು ಕೈ ಮುಗಿಯಬೇಕಾ? ಈ ಕಾಲೇಜಿಗೆ ಕಾರಣರಾದ ಸಂಗೀತ ವಿದ್ವಾಂಸ ಭಾತಖಂಡೆ ಆ ಬಾಗಿಲಿಗೆ ಹೋಗಲೇಬಾರದಿತ್ತು.

ನಾನು: ನನಗೆ ಇಬ್ಬರ ಮಾತೂ ಒಪ್ಪಿಗೆಯಿಲ್ಲ. ಭಾತಖಂಡೆ ಮೊದಲು ಹೋದದ್ದು ನಮ್ಮ ರಾಜರ ಹತ್ತಿರ. 1916ರಲ್ಲಿ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಬರೋಡಾದಲ್ಲಿ ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನ ಮಾಡಿದರು. ಆಮೇಲೆ ದೆಹಲಿ, ಕಾಶಿ. ಗ್ವಾಲಿಯರ್ ಮಹಾರಾಜರು 1918ರಲ್ಲಿ ತಮ್ಮೂರಲ್ಲಿ ಶಾಲೆ ತೆರೆದರು, ನಿಜ. ಆದರೆ ಇಡೀ ದೇಶಕ್ಕೆ ಒಂದು ಸಂಗೀತ ಸಂಸ್ಥೆ ಬೇಕು ಅನ್ನುವುದು ಠರಾವಿನಲ್ಲೇ ಉಳಿಯಿತು. ಅಷ್ಟರಲ್ಲಿ ಅವರಿಗೆ ಅರವತ್ತು ದಾಟಿತ್ತು. ಇನ್ನೆಷ್ಟು ವರ್ಷ ಕಾಯಬೇಕಿತ್ತು?

ನಾನು: ಮಾಮ, ಈಗ ನಿಮ್ಮ ಫಾರ್ವರ್ಡ್ ವಿಷಯ. 1919ರ ಭಾರತ ಸರ್ಕಾರ ಕಾಯ್ದೆ ಬಂದಮೇಲೆ ಪ್ರಾಂತಗಳಲ್ಲಿ ಶಿಕ್ಷಣ ಖಾತೆ ಭಾರತೀಯ ಮಂತ್ರಿಗಳ ಕೈಗೆ ಬಂದಿತ್ತು. ಲಖನೌ ಇದ್ದ ಯುನೈಟೆಡ್ ಪ್ರಾವಿನ್ಸಸ್‌ನಲ್ಲಿ ಆಗ ಶಿಕ್ಷಣ ಮಂತ್ರಿ ರಾಯ್ ರಾಜೇಶ್ವರ ಬಲಿ. ಅದೇ ಮನೆತನದ ರಾಯ್ ಉಮಾನಾಥ ಬಲಿ ಲಖನೌದಲ್ಲಿ ಸಮ್ಮೇಳನ ನಡೆಸಿ, ಕಾಲೇಜಿಗಾಗಿ ಓಡಾಡಿದರು. ಖಜಾನೆಯ ದುಡ್ಡು ಯಾರದು? ನಮ್ಮ ರೈತ ಕಟ್ಟಿದ ಕಂದಾಯ. ನಮ್ಮ ದುಡ್ಡನ್ನು ನಾವೇ ಕೇಳಿದರೆ ಅದು ಭಿಕ್ಷೆಯೂ ಅಲ್ಲ, ಕೊಟ್ಟರೆ ಅದು ಅವರ ಕಾಣಿಕೆಯೂ ಅಲ್ಲ.

ಪುಣೆ ತಮ್ಮ: ಹಾಗಾದರೆ ಗಾಯಕ ಪಲುಸ್ಕರ್? 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರಲ್ಲ, ಜನರ ದೇಣಿಗೆಯಿಂದ. ಯಾವ ಗವರ್ನರ್ ಹೆಸರನ್ನೂ ಹಲಗೆ ಮೇಲೆ ಬರೆಸಲಿಲ್ಲ.

ನಾನು: ಪಲುಸ್ಕರರ ಬಗ್ಗೆ ನನಗೂ ಅಷ್ಟೇ ಗೌರವ. ಆದರೆ ಮುಂಬೈಯಲ್ಲಿ ಅವರು ಕಟ್ಟಿಸಿದ ಕಟ್ಟಡ ಕೊನೆಗೆ ಸಾಲಗಾರರ ಪಾಲಾಯಿತು. ಕಛೇರಿ ಮಾಡಿ, ದೇಣಿಗೆ ಎತ್ತಿ ಎಷ್ಟು ದಿನ ಮೇಷ್ಟ್ರ ಸಂಬಳ ಕೊಡೋದು? ವರ್ಷ ವರ್ಷ ಬರುವ ಹಣ ಬೇಕು. ಜನ ಕೊಡದಿದ್ದಾಗ ಸರ್ಕಾರವೇ ಕೊಡಬೇಕು, ಅದು ಯಾರ ಸರ್ಕಾರವಾದರೂ.

ಬೈಲಹೊಂಗಲ ಸೋದರತ್ತೆ: ನೀವೆಲ್ಲ ದುಡ್ಡಿನ ಮಾತೇ ಆಡ್ತಾ ಇದ್ದೀರಿ. ಅಲ್ಲಿ ಏನು ಕಲಿಸಿದರು ಅಂತ ಯಾರೂ ಕೇಳಲಿಲ್ಲ. ನಮ್ಮೂರ ಗಾಯಕ ಕೆ.ಜಿ. ಗಿಂಡೆ ಇನ್ನೂ ಹುಡುಗನಾಗಿದ್ದಾಗಲೇ ಲಖನೌಗೆ ಹೋಗಿ ಅಲ್ಲಿನ ಪ್ರಾಂಶುಪಾಲ ರತಂಜನಕರರ ಹತ್ತಿರ ಕಲಿತರು. ಉಸ್ತಾದರ ಮನೆಯಲ್ಲಿ ಹುಟ್ಟಿದವರಲ್ಲ ಅವರು. ಬೆಂಗಳೂರಿನ ಚಿದಾನಂದ ನಗರಕರ್ ಕೂಡ ಅಲ್ಲೇ ಕಲಿತದ್ದು.

ಬೈಲಹೊಂಗಲ ಸೋದರತ್ತೆ: ಭಾತಖಂಡೆಯವರ ಕ್ರಮಿಕ ಪುಸ್ತಕ, ಹಾಡುಗಳನ್ನು ಸ್ವರ ಸಮೇತ ಬರೆದದ್ದು, ನನ್ನ ಹತ್ತಿರ ಇದೆ. ಕೋಮಲ ಸ್ವರಕ್ಕೆ ಕೆಳಗೊಂದು ಗೆರೆ, ತೀವ್ರ ಮಧ್ಯಮದ ತಲೆ ಮೇಲೆ ನೆಟ್ಟಗೊಂದು ಗೀಟು, ಮಂದ್ರಕ್ಕೆ ಕೆಳಗೆ ಚುಕ್ಕಿ. ಮನೆತನದೊಳಗೇ ಬಚ್ಚಿಟ್ಟಿದ್ದ ಚೀಜುಗಳನ್ನು, ಅಂದರೆ ರಾಗದ ಹಾಡುಗಳನ್ನು, ಹೀಗೆ ಬರೆದು ಎಲ್ಲರ ಕೈಗೂ ಕೊಟ್ಟರು. ನಾನು ಯಮನ್ ರಾಗ ಕಲಿತದ್ದು ಅದೇ ಪುಸ್ತಕ ಎದುರಿಗಿಟ್ಟುಕೊಂಡು.

ಪುಣೆ ತಮ್ಮ: ಅತ್ತೆ, ಕಲಿಸಿದ್ದಕ್ಕೆ ನನ್ನ ತಕರಾರಿಲ್ಲ. ಹೆಸರಿಗೆ ತಕರಾರು. ಸ್ವಾತಂತ್ರ್ಯ ಬಂದು ಸುಮಾರು ಇಪ್ಪತ್ತು ವರ್ಷ, 1966ರವರೆಗೆ, ಅದು ಮ್ಯಾರಿಸ್ ಕಾಲೇಜೇ. ಆಮೇಲೆ ತಾನೇ ಭಾತಖಂಡೆ ಹೆಸರು ಬಂದದ್ದು?

ನಾನು: ಅದು ಸರಿ. 1947ರಲ್ಲೇ ಬದಲಾಯಿಸಬೇಕಿತ್ತು. ಆ ತಪ್ಪನ್ನು 1936ರಲ್ಲೇ ತೀರಿಕೊಂಡ ಭಾತಖಂಡೆ ಮೇಲೆ ಹೊರಿಸಬೇಡ, ಅಷ್ಟೇ.

ಹುಬ್ಬಳ್ಳಿ ಮಾಮ: ಹಾಗಾದರೆ ಫೋಟೋ ಕೆಳಗೆ ಏನಂತ ಬರೀಲಿ? ನಮ್ಮ ಬ್ಯಾಂಕಿನವರ ಗುಂಪಿಗೂ ಕಳಿಸಿಬಿಟ್ಟಿದ್ದೇನೆ.

ನಾನು: "ಭಾತಖಂಡೆ ಮತ್ತು ಬಲಿ ಮನೆತನದವರು ಕಟ್ಟಿದ ಕಾಲೇಜು, ಉದ್ಘಾಟನೆ ಗವರ್ನರ್ ವಿಲಿಯಂ ಮ್ಯಾರಿಸ್." ಇಷ್ಟು ಬರೆದು ಆ ಗುಂಪಿಗೂ ಮತ್ತೆ ಕಳಿಸಿ ಮಾಮ.

ಪುಣೆ ತಮ್ಮ: ಗವರ್ನರ್ ಹೆಸರು ಬೇಡವೇ ಬೇಡ.

ಬೈಲಹೊಂಗಲ ಸೋದರತ್ತೆ: ಇರಲಿ ಬಿಡು. ರತಂಜನಕರರ ಹೆಸರನ್ನೂ ಸೇರಿಸಿ.